ಗಂಟು ತೆಗೆದಾಯ್ತಲ್ಲ, ಮತ್ತೆ ಕರೆಂಟು ಯಾಕೆ?

ಹೊಲಿಗೆ ಬಿಚ್ಚಿಸಿಕೊಂಡು ಬಂದ ಮೂರನೇ ದಿನ ನನ್ನ ಚಿಗವ್ವ (ಚಿಕ್ಕಮ್ಮ) ಪಡಸಾಲೆಯಲ್ಲಿ ಕೂತು ಕಡಲೆ ಆರಿಸುತ್ತಿದ್ದಳು. ಎಡಗೈ ಮಡಿಲಲ್ಲಿತ್ತು, ಕೆಲಸವೆಲ್ಲ ಬಲಗೈಯಲ್ಲೇ. ಎಡ ಎದೆಯ ಕ್ಯಾನ್ಸರ್ ಗಂಟು ಎರಡು ಸೆಂಟಿಮೀಟರ್‌ಗಿಂತ ಚಿಕ್ಕದಿತ್ತು, ಹಾಗಾಗಿ ಎದೆ ಉಳಿಸಿ ಗಂಟು ಮತ್ತು ಅದರ ಸುತ್ತಲಿನ ಒಂದಿಷ್ಟು ಭಾಗ ಮಾತ್ರ ತೆಗೆದಿದ್ದರು. ಕಂಕುಳಿನ ಗ್ರಂಥಿಗಳಲ್ಲಿ ಏನೂ ಇಲ್ಲ, ಅಂಚೂ ಕ್ಲಿಯರ್ ಅಂತ ರಿಪೋರ್ಟ್ ಬಂದಿತ್ತು. ಮನೆಯವರೆಲ್ಲ ಉಸಿರು ಬಿಟ್ಟೆವು. ಆಗ ಡಾಕ್ಟರ್ ‘ಇನ್ನು ರೇಡಿಯೇಷನ್ ಶುರು ಮಾಡೋಣ’ ಅಂದರು.

"ಗಂಟ ತಗದಾರ, ರಿಪೋರ್ಟ್ ಚಲೋ ಐತಿ ಅಂದಾರ. ಮತ್ಯಾಕ ಕರೆಂಟು, ಯವ್ವಾ?" ಚಿಗವ್ವ ಕಡಲೆಯಿಂದ ತಲೆ ಎತ್ತದೆ ಕೇಳಿದಳು.

‘ಡಾಕ್ಟರ್ ಹೇಳ್ಯಾರ’ ಅಂದೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತಿತ್ತು. ಆಮೇಲೆ ಓದಿದೆ, ಡಾಕ್ಟರನ್ನ ಕೇಳಿದೆ, ನಾಲ್ಕು ವಾರ ದಿನಾ ಅವಳ ಜೊತೆ ಓಡಾಡಿದೆ. ಗೊತ್ತಾಗಿದ್ದನ್ನು ಇಲ್ಲಿ ಬರೀತೀನಿ. ನಾನು ಡಾಕ್ಟರ್ ಅಲ್ಲ, ನಿಮ್ಮ ಮನೆಯವರ ವಿಷಯಕ್ಕೆ ಅವರ ಡಾಕ್ಟರ್ ಮಾತೇ ಅಂತಿಮ.

ಮೊದಲು ಆ ಹೆಸರಿನ ವಿಷಯ. ರೇಡಿಯೇಷನ್, ಅಂದರೆ ವಿಕಿರಣ ಚಿಕಿತ್ಸೆಗೆ, ನಮ್ಮ ಕಡೆ ಎಲ್ಲರೂ ‘ಕರೆಂಟು ಕೊಡ್ತಾರೆ’ ಅಂತಲೇ ಅನ್ನೋದು. ಅರ್ಧ ಹೆದರಿಕೆ ಆ ಮಾತಿನಿಂದಲೇ ಬರುತ್ತೆ. ಶಾಕ್ ಹೊಡೆಯುತ್ತೆ, ಮೈ ಸುಡುತ್ತೆ ಅಂತ ಚಿಗವ್ವ ನಿಜವಾಗಿಯೂ ನಂಬಿದ್ದಳು. ಮೈಯೊಳಗೆ ಯಾವ ಕರೆಂಟೂ ಹರಿಯಲ್ಲ. ಕೈ ಮುರಿದಾಗ ತೆಗೀತಾರಲ್ಲ ಎಕ್ಸ್-ರೇ, ಇದೂ ಅದೇ ಜಾತಿಯ ಕಿರಣ, ಶಕ್ತಿ ಮಾತ್ರ ಬಹಳ ಜಾಸ್ತಿ. ಲಿನಾಕ್ ಅನ್ನೋ ಮಷಿನ್ ಅದನ್ನು ಹೊರಗಿನಿಂದ, ಬೇಕಾದ ಜಾಗಕ್ಕೆ ಗುರಿಯಿಟ್ಟು ಬಿಡುತ್ತೆ. ಬಿಡುವಾಗ ನೋವಾಗಲ್ಲ, ಬಿಸಿಯೂ ತಾಗಲ್ಲ.

ಈಗ ಚಿಗವ್ವನ ಪ್ರಶ್ನೆ. ಎರೆ ಹೊಲ ಇದ್ದವರಿಗೆ ಕರಕಿ (ಗರಿಕೆ ಹುಲ್ಲು) ಕಾಟ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಆಳಕ್ಕೆ ನೇಗಿಲು ಹೊಡೆಸಿ, ಮಣ್ಣು ಹೊರಳಿಸಿ, ಬೇರೆಲ್ಲ ಆರಿಸಿ, ಬದುವಿನ ಮೇಲೆ ರಾಶಿ ಹಾಕಿ ಸುಟ್ಟಿರ್ತೀರಿ. ಹೊಲ ನೋಡಿದರೆ ಕನ್ನಡಿ ಹಾಗಿರುತ್ತೆ. ಮಣ್ಣೊಳಗೆ ಬೆರಳುದ್ದದ ಒಂದು ಗೆಣ್ಣು ಉಳಿದಿದ್ದರೂ ಸಾಕು, ಎರಡು ಮಳೆ ಬಿದ್ದ ಮೇಲೆ ಅಲ್ಲಿಂದಲೇ ಮತ್ತೆ ಹಬ್ಬುತ್ತೆ. ಎದೆಯೊಳಗೂ ಹಾಗೇ. ಸರ್ಜನ್ ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕಿದ್ದನ್ನು ತೆಗೀತಾರೆ. ಅಂಚು ಕ್ಲಿಯರ್ ಅಂದರೆ ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ ಅಂತ ಅಷ್ಟೇ. ಉಳಿದ ಎದೆಯಲ್ಲಿ ಒಂದು ಕೋಶವೂ ಇಲ್ಲ ಅಂತ ಅದರ ಅರ್ಥ ಅಲ್ಲ. ಅಂಥ ಒಂದೆರಡು ಕೋಶಗಳು ಯಾವ ಸ್ಕ್ಯಾನ್‌ನಲ್ಲೂ ಕಾಣಲ್ಲ. ಕಾಣದ್ದಕ್ಕೆ ಚಾಕು ಹಾಕೋಕೆ ಆಗಲ್ಲ, ಕಿರಣ ಹಾಯಿಸಬಹುದು.

"ಕರಕಿ ಗೆಣ್ಣ ಇದ್ದಂಗ" ಅಂದೆ. "ಹಂಗ ಹೇಳ ಮತ್ತ" ಅಂದಳು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಇದು ಬರೀ ಊಹೆಯಲ್ಲ. ಒಂದು ಕಾಲಕ್ಕೆ ಎದೆಯಲ್ಲಿ ಕ್ಯಾನ್ಸರ್ ಅಂದರೆ ಇಡೀ ಎದೆ, ಕೆಳಗಿನ ಮಾಂಸಖಂಡ, ಕಂಕುಳಿನ ಗ್ರಂಥಿ ಎಲ್ಲವನ್ನೂ ತೆಗೆದುಬಿಡ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಅನ್ನೋ ಸರ್ಜನ್ ಹಾಕಿಕೊಟ್ಟ ದಾರಿ ಅದು, ಮುಂದೆ ಎಷ್ಟೋ ದಶಕ ಅದೇ ನಡೆಯಿತು. ಅಷ್ಟೆಲ್ಲ ಬೇಕಾ ಅಂತ ಬರ್ನಾರ್ಡ್ ಫಿಶರ್ ಅಲ್ಲೇ 1976ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಕೆಲವರಿಗೆ ಪೂರ್ತಿ ಎದೆ ತೆಗೆದರು, ಕೆಲವರಿಗೆ ಗಂಟು ಮಾತ್ರ, ಇನ್ನು ಕೆಲವರಿಗೆ ಗಂಟು ತೆಗೆದು ಮೇಲೆ ವಿಕಿರಣ. 20 ವರ್ಷ ಕಾದು ನೋಡಿದರು. ಬದುಕುಳಿದವರ ಲೆಕ್ಕದಲ್ಲಿ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಗಂಟು ಮಾತ್ರ ತೆಗೆಸಿಕೊಂಡವರಲ್ಲಿ 100ಕ್ಕೆ ಸುಮಾರು 39 ಜನಕ್ಕೆ ಅದೇ ಎದೆಯಲ್ಲಿ ಮತ್ತೆ ಕ್ಯಾನ್ಸರ್ ಬಂತು. ವಿಕಿರಣವನ್ನೂ ಪಡೆದವರಲ್ಲಿ ಅದು ಸುಮಾರು 14.

ಅಂದರೆ ಎದೆ ಉಳಿಸಿಕೊಳ್ಳೋ ಆಪರೇಷನ್ನಿಗೆ ವಿಕಿರಣ ಜೋಡಿ. ಎರಡೂ ಸೇರಿ ಒಂದೇ ಚಿಕಿತ್ಸೆ ಅಂತ ತಿಳಿಯಬೇಕು. ಆಪರೇಷನ್ ಮಾಡಿಸಿಕೊಂಡು ‘ಅದೊಂದು ಆಮೇಲೆ ನೋಡೋಣ’ ಅಂತ ಮನೆಗೆ ಬರೋದು ಅರ್ಧ ಚಿಕಿತ್ಸೆಗೆ ಎದ್ದು ಬಂದ ಹಾಗೆ.

ಜೀವ ಉಳಿಸೋದರಲ್ಲೂ ಪಾಲಿದೆಯಾ? ಇದೆ, ಅಷ್ಟು ದೊಡ್ಡದಲ್ಲ. 17 ಅಧ್ಯಯನಗಳ 10,801 ಮಹಿಳೆಯರ ಲೆಕ್ಕವನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಎದೆ ಉಳಿಸಿಕೊಂಡವರಲ್ಲಿ ವಿಕಿರಣ ಇಲ್ಲದೆ 10 ವರ್ಷದೊಳಗೆ 100ಕ್ಕೆ 35 ಜನಕ್ಕೆ ಎಲ್ಲಾದರೂ ಕ್ಯಾನ್ಸರ್ ಮರಳಿತ್ತು, ವಿಕಿರಣ ಪಡೆದವರಲ್ಲಿ ಸುಮಾರು 19 ಜನಕ್ಕೆ. 15 ವರ್ಷದಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರು 100ಕ್ಕೆ ಸುಮಾರು 25ರಿಂದ 21ಕ್ಕೆ ಇಳಿದಿದ್ದರು. ಇವೆಲ್ಲ ಹಳೆಯ ಕಾಲದ ರೋಗಿಗಳ ಅಂಕಿ. ಈಗ ಔಷಧ ಸುಧಾರಿಸಿದೆ, ಗಂಟು ಬೇಗ ಪತ್ತೆಯಾಗುತ್ತೆ, ಹಾಗಾಗಿ ಎರಡೂ ಕಡೆಯ ಸಂಖ್ಯೆ ಕಡಿಮೆಯೇ ಇರುತ್ತೆ. ನಿಮ್ಮ ಡಾಕ್ಟರನ್ನ ಕೇಳಬೇಕಾದ್ದು ಇದನ್ನೇ: ‘ನನ್ನ ಲೆಕ್ಕದಲ್ಲಿ, ಇದು ಇಲ್ಲದಿದ್ದರೆ ಮರಳೋ ಸಾಧ್ಯತೆ ಎಷ್ಟು, ಇದ್ದರೆ ಎಷ್ಟು?’ ಕೇಳೋಕೆ ಸಂಕೋಚ ಬೇಡ.

ಚಿಗವ್ವನ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಜೋರಾಗಿತ್ತು. "ದಿನಾ ಒಂದೀಟ ಕೊಡೂದ ಯಾಕ? ಒಮ್ಮಿಗೇ ಕೊಟ್ಟ ಕಳಸಬಾರದೇನು?"

ಕಿರಣ ಕೋಶದೊಳಗೆ ಹಾದಾಗ ಅಲ್ಲಿನ ಡಿಎನ್ಎ ಎಳೆಗಳು ಕಡಿಯುತ್ತವೆ. ಒಳ್ಳೆ ಕೋಶ, ಕೆಟ್ಟ ಕೋಶ ಅಂತ ಕಿರಣ ನೋಡಲ್ಲ, ಎರಡಕ್ಕೂ ಪೆಟ್ಟು ಬೀಳುತ್ತೆ. ವ್ಯತ್ಯಾಸ ಆಮೇಲೆ ಶುರುವಾಗೋದು. ಒಳ್ಳೆ ಕೋಶಗಳು ಮರುದಿನದ ಹೊತ್ತಿಗೆ ತಮ್ಮ ಹರಕನ್ನು ಬಹುಪಾಲು ಹೊಲಿದುಕೊಂಡು ಎದ್ದಿರುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ರಿಪೇರಿ ಸರಿಯಾಗಿ ಬರಲ್ಲ. ಹರಿದ ಡಿಎನ್ಎ ಇಟ್ಟುಕೊಂಡೇ ಎರಡಾಗಲು ಹೋಗಿ ಸಾಯುತ್ತವೆ. ಒಮ್ಮೆಲೇ ಪೂರ್ತಿ ಕೊಟ್ಟರೆ ಒಳ್ಳೆಯವಕ್ಕೂ ಉಸಿರಾಡೋಕೆ ಬಿಡುವಿರಲ್ಲ. ದಿನಾ ಸ್ವಲ್ಪ, ಶನಿವಾರ ಭಾನುವಾರ ರಜೆ, ಮತ್ತೆ ಸೋಮವಾರ. ಆ ಬಿಡುವು ಕೂಡ ಚಿಕಿತ್ಸೆಯ ಭಾಗವೇ.

ಆದರೂ ಅವಳ ಪ್ರಶ್ನೆ ಪೆದ್ದು ಪ್ರಶ್ನೆ ಅಲ್ಲ, ಡಾಕ್ಟರುಗಳೂ ಅದನ್ನೇ ಕೇಳಿಕೊಂಡಿದ್ದಾರೆ. ವಿಕಿರಣ ಅಳೆಯೋ ಮಾಪಕ್ಕೆ ಗ್ರೇ ಅಂತಾರೆ. ಮೊದಲು ಐದು ವಾರದಲ್ಲಿ 25 ಸಲ ಸೇರಿಸಿ 50 ಗ್ರೇ ಕೊಡ್ತಿದ್ದರು. ಮೂರು ವಾರದಲ್ಲಿ 15 ಸಲ, ಒಟ್ಟು 40 ಗ್ರೇ ಕೊಟ್ಟರೂ ರೋಗ ಅಷ್ಟೇ ಹತೋಟಿಯಲ್ಲಿರುತ್ತೆ, ಚರ್ಮಕ್ಕೂ ಒಳ್ಳೇದು ಅಂತ ಬ್ರಿಟನ್ನಿನ ಅಧ್ಯಯನ ತೋರಿಸಿತು. ಈಗ ಬಹಳ ಕಡೆ ಅದೇ ಪದ್ಧತಿ. 2020ರಲ್ಲಿ ಬಂದ ಫಾಸ್ಟ್-ಫಾರ್ವರ್ಡ್ ಅಧ್ಯಯನ ಇನ್ನೂ ಮುಂದೆ ಹೋಗಿ, ಒಂದೇ ವಾರದಲ್ಲಿ 5 ಸಲ, ಒಟ್ಟು 26 ಗ್ರೇ ಕೊಟ್ಟು ನೋಡಿತು. ರೋಗ ಹತೋಟಿಯಲ್ಲಿಡೋ ವಿಷಯದಲ್ಲಿ ಐದು ವರ್ಷದ ಫಲಿತಾಂಶ ಮೂರು ವಾರದ ಪದ್ಧತಿಗಿಂತ ಕಡಿಮೆ ಇರಲಿಲ್ಲ. ಹಾವೇರಿಯಿಂದಲೋ ಗದಗಿನಿಂದಲೋ ದಿನಾ ಹುಬ್ಬಳ್ಳಿಗೆ ಬರೋ ಹೆಂಗಸಿಗೆ 15 ದಿನ 5 ದಿನ ಆಗೋದು ಅಂದರೆ ಏನು ಅಂತ ಬಸ್ಸಿನಲ್ಲಿ ನಿಂತು ಬಂದವರಿಗೆ ಗೊತ್ತು. ಎಲ್ಲರಿಗೂ ಹೊಂದಲ್ಲ, ಎಲ್ಲ ಆಸ್ಪತ್ರೆಯಲ್ಲೂ ಕೊಡಲ್ಲ. ಆದರೆ ‘ಒಂದು ವಾರದ್ದು ನಮಗೆ ಆಗುತ್ತಾ?’ ಅಂತ ಬಾಯಿ ಬಿಟ್ಟು ಕೇಳಿ, ಕೇಳಿದರೆ ಕಳಕೊಳ್ಳೋದೇನಿಲ್ಲ.

ಚಿಗವ್ವನಿಗೆ 15 ಸಲ ಆಯಿತು. ಅದರ ಮೇಲೆ ಗಂಟು ಇದ್ದ ಜಾಗಕ್ಕೆ ಮಾತ್ರ ಇನ್ನೊಂದು ನಾಲ್ಕು. ಅದಕ್ಕೆ ಬೂಸ್ಟ್ ಅಂತಾರೆ. ಮರಳಿ ಬಂದರೆ ಹೆಚ್ಚಾಗಿ ಅದೇ ಜಾಗದ ಸುತ್ತಮುತ್ತ ಬರೋದರಿಂದ ಅಲ್ಲಿಗೆ ಒಂದು ಕೈ ಜಾಸ್ತಿ. ವಯಸ್ಸು ಚಿಕ್ಕದಿದ್ದಷ್ಟೂ ಬೂಸ್ಟಿನ ಲಾಭ ಹೆಚ್ಚು.

ಮೊದಲ ದಿನ ಮಷಿನ್ ಕೆಳಗೆ ಮಲಗಿಸೋದೇ ಇಲ್ಲ. ಸಿಟಿ ಸ್ಕ್ಯಾನ್ ಮಾಡಿ ನಕ್ಷೆ ಹಾಕಿಕೊಳ್ತಾರೆ: ಎದೆ ಎಲ್ಲಿ, ಶ್ವಾಸಕೋಶ ಎಲ್ಲಿ, ಹೃದಯ ಎಲ್ಲಿ, ಕಿರಣ ಯಾವ ಕೋನದಿಂದ. ಇದಕ್ಕೆ ಕೈ ಎರಡೂ ತಲೆಯ ಮೇಲೆ ಎತ್ತಿ ಮಲಗಬೇಕು. ನಮಗೆ ಗೊತ್ತಿಲ್ಲದೆ ಒದ್ದಾಡಿದ್ದು ಇಲ್ಲೇ. ಆಪರೇಷನ್ ಆದ ಮೇಲೆ ಅವಳು ಹೆದರಿ ಎಡಗೈ ಎತ್ತಿಯೇ ಇರಲಿಲ್ಲ, ಭುಜ ಹಿಡಿದುಬಿಟ್ಟಿತ್ತು. ಗೋಡೆಗೆ ಬೆರಳಿಟ್ಟು ಹಲ್ಲಿ ಹತ್ತಿದ ಹಾಗೆ ದಿನಾ ಮೇಲೆ ಮೇಲೆ ಏರಿಸೋ ವ್ಯಾಯಾಮ ಮಾಡಿಸಿ ಅಂತ ಒಂದು ವಾರ ವಾಪಸ್ ಕಳಿಸಿದರು. ಆ ವ್ಯಾಯಾಮ ಮೊದಲೇ, ಡಾಕ್ಟರ್ ಹೂಂ ಅಂದ ದಿನದಿಂದಲೇ ಶುರು ಮಾಡಿ.

ನಕ್ಷೆ ಆದ ಮೇಲೆ ಚರ್ಮದ ಮೇಲೆ ಗುರುತು ಹಾಕ್ತಾರೆ. ದಿನಾ ಅದೇ ಜಾಗಕ್ಕೆ ಗುರಿ ಇಡಬೇಕಲ್ಲ. ಕೆಲವು ಕಡೆ ಮಾರ್ಕರ್ ಗೆರೆ, ಕೆಲವು ಕಡೆ ಸಾಸಿವೆ ಕಾಳಿಗಿಂತ ಸಣ್ಣ ಹಚ್ಚೆ ಚುಕ್ಕಿ, ಅಳಿಸಲ್ಲ. ಟೆಕ್ನಿಷಿಯನ್ ಹುಡುಗಿ ‘ಅಮ್ಮಾ, ಸ್ವಲ್ಪ ಚುಚ್ಚುತ್ತೆ’ ಅಂತ ಸಮಾಧಾನ ಮಾಡಲು ಹೋದಳು. ಮೊಣಕೈವರೆಗೂ ಹಚ್ಚೆ ಇರೋ ಚಿಗವ್ವ ತನ್ನ ಕೈ ತೋರಿಸಿ, "ಇದು ಏಳ ವರ್ಷದಾಕಿ ಇದ್ದಾಗ ಹಾಕಿಸಿದ್ದು, ನೀ ಹಾಕ" ಅಂದಳು. ಒಳಗಿದ್ದವರೆಲ್ಲ ನಕ್ಕುಬಿಟ್ಟರಂತೆ.

ಉಳಿದ ದಿನಗಳಲ್ಲಿ ಒಳಗೆ ಹೋಗಿ ಬರೋಕೆ ಹತ್ತು ಹದಿನೈದು ನಿಮಿಷ. ಅದರಲ್ಲಿ ಹೆಚ್ಚಿನ ಹೊತ್ತು ಸರಿಯಾಗಿ ಮಲಗಿಸೋಕೇ ಹೋಗುತ್ತೆ, ಕಿರಣ ಬಿಡೋದು ಎರಡು ಮೂರು ನಿಮಿಷ. ಆ ಹೊತ್ತಿಗೆ ಎಲ್ಲರೂ ಹೊರಗೆ ಬಂದು ದಪ್ಪ ಬಾಗಿಲು ಹಾಕ್ತಾರೆ. ಒಂಟಿಯಾಗಿ ಬಿಟ್ಟರು ಅಂತ ಗಾಬರಿ ಆಗಬೇಡಿ. ಹೊರಗಿನಿಂದ ಕ್ಯಾಮೆರಾದಲ್ಲಿ ನೋಡ್ತಾ ಇರ್ತಾರೆ, ಮೈಕಿನಲ್ಲಿ ಮಾತಾಡಬಹುದು. ಸಿಬ್ಬಂದಿ ಹೊರಗೆ ಬರೋದು ಯಾಕೆ ಅಂದರೆ ಅವರು ಇಡೀ ದಿನ, ಇಡೀ ವರ್ಷ ಅಲ್ಲೇ ಇರಬೇಕಾದವರು.

ಎಡ ಎದೆ ಆದರೆ ಇನ್ನೊಂದು ಮಾತು. ಅದರ ಹಿಂದೆಯೇ ಹೃದಯ ಇದೆ. ಹೃದಯಕ್ಕೆ ತಾಗೋ ಸರಾಸರಿ ಪ್ರಮಾಣ ಒಂದು ಗ್ರೇ ಹೆಚ್ಚಾದಂತೆ ಮುಂದೆ ಹೃದಯಾಘಾತದಂಥ ತೊಂದರೆಯ ಸಾಧ್ಯತೆ ಶೇಕಡಾ 7.4ರಷ್ಟು ಏರುತ್ತೆ ಅಂತ 2013ರ ಒಂದು ಅಧ್ಯಯನ ಹೇಳಿತು. ಕೇಳೋಕೆ ಭಯ ಆಗುತ್ತೆ. ಆದರೆ ಲೆಕ್ಕ ಗಮನಿಸಿ: ಒಬ್ಬಳಿಗೆ ಮೊದಲಿಂದ 100ಕ್ಕೆ 4ರಷ್ಟು ಸಾಧ್ಯತೆ ಇದ್ದರೆ ಒಂದು ಗ್ರೇಗೆ ಅದು 4.3 ಆಗುತ್ತೆ, 11.4 ಆಗಲ್ಲ. ಹಾಗಂತ ಸುಮ್ನೆ ಬಿಡೋದೂ ಅಲ್ಲ. ಅದಕ್ಕೊಂದು ಸರಳ ಉಪಾಯ ಇದೆ. ದೊಡ್ಡದಾಗಿ ಉಸಿರು ಎಳೆದು ಹಿಡಿದರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೂಡಿನಿಂದ ಹಿಂದಕ್ಕೆ ಸರಿಯುತ್ತೆ. ಆ ಹೊತ್ತಿನಲ್ಲಿ ಮಾತ್ರ ಕಿರಣ ಬಿಡ್ತಾರೆ. ಇಪ್ಪತ್ತು ಸೆಕೆಂಡ್ ಹಿಡಿದರೆ ಸಾಕು, ಮತ್ತೆ ಬಿಟ್ಟು ಮತ್ತೆ ಹಿಡಿಯೋದು. ಚಿಗವ್ವ ಮನೆಯಲ್ಲಿ ಮಂಚದ ಮೇಲೆ ಮಲಗಿ, ಮೊಮ್ಮಗ ಮೊಬೈಲ್ ಹಿಡಿದು ಎಣಿಸ್ತಾ ಪ್ರಾಕ್ಟೀಸ್ ಮಾಡಿದಳು. ಎಡ ಎದೆಯವರು ಈ ಸೌಲಭ್ಯ ಇದೆಯಾ ಅಂತ ಕೇಳಲೇಬೇಕು. ಇದಕ್ಕಿಂತ ಮುಖ್ಯ ಪ್ರಶ್ನೆ ನನಗೆ ಹೊಳೆದಿಲ್ಲ.

ಅಕ್ಕಪಕ್ಕದವರ ಮಾತುಗಳು ಬೇರೆ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಾರದಂತೆ, ತಟ್ಟೆ ಲೋಟ ಬೇರೆ ಇಡಬೇಕಂತೆ, ಕೂದಲು ಉದುರುತ್ತಂತೆ. ಮೂರೂ ಸುಳ್ಳು. ಮಷಿನ್ ಆಫ್ ಆದ ಕ್ಷಣ ಕಿರಣ ಮುಗಿಯಿತು, ಮೈಯಲ್ಲಿ ಏನೂ ಉಳಿಯಲ್ಲ. ಬಲ್ಬ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುತ್ತಾ? ತಲೆಗೂದಲು ಉದುರೋದು ಕಿಮೋದಿಂದ, ಅಂದರೆ ಕ್ಯಾನ್ಸರಿಗೆ ಕೊಡೋ ಔಷಧದಿಂದ. ಎದೆಗೆ ಕೊಟ್ಟ ವಿಕಿರಣ ತಲೆಗೆ ಹೋಗಲ್ಲ.

ನಿಜವಾದ ಕಷ್ಟ ಚರ್ಮದ್ದು ಮತ್ತು ಸುಸ್ತಿನದ್ದು. ಎರಡನೇ ವಾರದ ಹೊತ್ತಿಗೆ ಅವಳ ಚರ್ಮ ಕೆಂಪಗಾಗಿ ಆಮೇಲೆ ಕಪ್ಪಾಯಿತು, ಎದೆಯ ಕೆಳಗಿನ ಮಡಿಕೆಯಲ್ಲಿ ಸುಲಿಯಿತು. ಜೀವಮಾನವಿಡೀ ಮೈಗಂಟಿದ ಖಣದ ಕುಬಸ ತೊಟ್ಟವಳು, ಒಂದೂವರೆ ತಿಂಗಳು ಕಾಕಾನ ಹಳೆಯ ಕಾಟನ್ ಅಂಗಿ ಹಾಕಿಕೊಂಡು ಮೇಲೆ ಸೆರಗು ಹೊದ್ದು ಬಂದಳು. ಬಿಗಿ ಬಟ್ಟೆಯ ತಿಕ್ಕಾಟವೇ ಚರ್ಮಕ್ಕೆ ದೊಡ್ಡ ವೈರಿ. ಉಗುರುಬೆಚ್ಚನೆಯ ನೀರು, ಮೆತ್ತಗಿನ ಸೋಪು, ಉಜ್ಜದೆ ಒತ್ತಿ ಒರೆಸೋದು, ಅವರು ಬರೆದುಕೊಟ್ಟ ಮುಲಾಮು, ಅಷ್ಟೇ. ಅರಿಶಿನ, ಕೊಬ್ಬರಿ ಎಣ್ಣೆ, ಯಾರೋ ಹೇಳಿದ ಸೊಪ್ಪಿನ ರಸ ಏನನ್ನೂ ಕೇಳದೆ ಹಚ್ಚಬೇಡಿ. ಒಂದು ವಿಷಯ ಮೊದಲೇ ತಿಳಿದಿರಲಿ: ಚಿಕಿತ್ಸೆ ಮುಗಿದ ದಿನ ಚರ್ಮ ಸರಿಹೋಗಲ್ಲ. ಮುಗಿದ ಮೇಲೆ ಒಂದೆರಡು ವಾರ ಇನ್ನೂ ಜಾಸ್ತಿ ಆಗುತ್ತೆ, ಆಮೇಲೆ ಇಳಿಯುತ್ತೆ. ಸುಸ್ತೂ ಹಾಗೇ. ‘ಮುಗದೈತಿ ಅಂದ್ರ ಹೆಚ್ಚಾತಲ್ಲ’ ಅಂತ ಮನೆಯವರು ಗಾಬರಿ ಬಿದ್ದಿದ್ದೆವು.

ನಿಧಾನವಾಗಿ ಬರೋ ತೊಂದರೆಗಳೂ ಇವೆ. ಎದೆ ಸ್ವಲ್ಪ ಗಟ್ಟಿಯಾಗಿ ಕುಗ್ಗಬಹುದು. ಕಂಕುಳಿಗೂ ವಿಕಿರಣ ಕೊಟ್ಟಿದ್ದರೆ ಕೈ ಊದಿಕೊಳ್ಳೋ ಸಾಧ್ಯತೆ ಹೆಚ್ಚು. ಕೆಲವರಿಗೆ ತಿಂಗಳುಗಳ ನಂತರ ಒಣ ಕೆಮ್ಮು, ದಮ್ಮು ಬರುತ್ತೆ. ಆಗ ಊರಿನ ಡಾಕ್ಟರಿಗೆ ವಿಕಿರಣ ಆಗಿದೆ ಅಂತ ಮೊದಲು ಹೇಳಿ. ಬಹಳ ವರ್ಷಗಳ ಮೇಲೆ ವಿಕಿರಣದಿಂದಲೇ ಇನ್ನೊಂದು ಕ್ಯಾನ್ಸರ್ ಬರಬಹುದು, ಅದು ತುಂಬಾ ಅಪರೂಪ. ಬೀಡಿ ಸಿಗರೇಟು ಸೇದುವವರಲ್ಲಿ ಆ ಅಪಾಯ ಹೆಚ್ಚು.

ಹಾಗಾದರೆ ಎಲ್ಲರಿಗೂ ಬೇಕಾ? ಇಲ್ಲ. ಇಲ್ಲಿ ವಿಷಯ ಸ್ವಲ್ಪ ಸೂಕ್ಷ್ಮ. 65 ದಾಟಿದ, ಸಣ್ಣ ಗಂಟಿನ, ಹಾರ್ಮೋನ್‌ಗೆ ಸ್ಪಂದಿಸೋ ಕ್ಯಾನ್ಸರ್ ಇದ್ದ, ಗ್ರಂಥಿಗೆ ಹಬ್ಬದ ಮಹಿಳೆಯರನ್ನು ಪ್ರೈಮ್-2 ಅನ್ನೋ ಅಧ್ಯಯನದಲ್ಲಿ 10 ವರ್ಷ ನೋಡಿದರು. ಎಲ್ಲರೂ ಹಾರ್ಮೋನ್ ಮಾತ್ರೆ ತಗೊಳ್ತಿದ್ದರು. ವಿಕಿರಣ ಇಲ್ಲದವರಲ್ಲಿ 100ಕ್ಕೆ ಸುಮಾರು 9.5 ಜನಕ್ಕೆ ಅದೇ ಎದೆಯಲ್ಲಿ ಮರಳಿತು, ವಿಕಿರಣ ಇದ್ದವರಲ್ಲಿ 0.9. ಬದುಕುಳಿದವರ ಪ್ರಮಾಣ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಂಥವರು ಡಾಕ್ಟರ್ ಜೊತೆ ಮಾತಾಡಿ ಬೇಡ ಅನ್ನಬಹುದು, ಅದು ತಪ್ಪಲ್ಲ. ಆದರೆ ಐದು ವರ್ಷ ಮಾತ್ರೆ ತಪ್ಪದೆ ನುಂಗಬೇಕು. ನಮ್ಮ ಅಜ್ಜಿಯರು ಬಿಪಿ ಮಾತ್ರೆಯನ್ನೇ ‘ಈಗ ಆರಾಮೈತಿ’ ಅಂತ ಬಿಡೋದನ್ನ ನೋಡಿದವರಿಗೆ ನನ್ನ ಅನುಮಾನ ಅರ್ಥ ಆಗುತ್ತೆ.

ಪೂರ್ತಿ ಎದೆ ತೆಗೆಸಿಕೊಂಡವರ ಲೆಕ್ಕ ಬೇರೆ. ಕಂಕುಳಿನ ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದರೆ ಎದೆಗೋಡೆಗೆ ವಿಕಿರಣ ಬೇಕೇ ಬೇಕು ಅಂತಾರೆ. ಒಂದೂ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಒಂದರಿಂದ ಮೂರು ಇದ್ದವರದ್ದು ಮಾತ್ರ ಈಗಲೂ ಚರ್ಚೆ. ಹಳೆಯ ಅಧ್ಯಯನಗಳು ಲಾಭ ಇದೆ ಅಂದವು. 2025ರಲ್ಲಿ ಬಂದ ಸುಪ್ರೆಮೊ ಅಧ್ಯಯನದಲ್ಲಿ, ಈಗಿನ ಒಳ್ಳೆ ಔಷಧ ಪಡೆದವರಲ್ಲಿ, 10 ವರ್ಷ ಬದುಕುಳಿದವರು ಎರಡೂ ಕಡೆ 100ಕ್ಕೆ ಸುಮಾರು 81-82. ಅದಕ್ಕೇ ‘ಓಡಾಟ ಬೇಡ, ಪೂರ್ತಿ ತೆಗೆದುಬಿಡಿ’ ಅನ್ನೋ ಮುಂಚೆ ಒಮ್ಮೆ ನಿಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಂಡಸರು ಕೂತು ತಗೊಳ್ಳೋ ತೀರ್ಮಾನ ಇದು. ಪೂರ್ತಿ ತೆಗೆಸಿದ ಮೇಲೂ ಗ್ರಂಥಿಯ ರಿಪೋರ್ಟ್ ನೋಡಿ ವಿಕಿರಣ ಬೇಕು ಅನ್ನಬಹುದು. ಆಗ ಎದೆಯೂ ಹೋಯಿತು, ಓಡಾಟವೂ ತಪ್ಪಲಿಲ್ಲ.

ಓಡಾಟದ ವಿಷಯಕ್ಕೇ ಬರ್ತೀನಿ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಹುಬ್ಬಳ್ಳಿಯಲ್ಲಿ ನವನಗರದ ಕ್ಯಾನ್ಸರ್ ಆಸ್ಪತ್ರೆಯೂ ಸೇರಿ ಒಂದಕ್ಕಿಂತ ಹೆಚ್ಚು ಕಡೆ ವಿಕಿರಣ ಕೊಡ್ತಾರೆ. ನಾವು ಯಾವುದಕ್ಕೆ ಹೋದೆವು ಅನ್ನೋದು ಇಲ್ಲಿ ಬೇಡ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಕಾರ್ಡು, ಆಧಾರ್ ಮೊದಲ ದಿನವೇ ಹಿಡಿದುಕೊಂಡು ಹೋಗಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದರಿಂದ ನಮಗಿಬ್ಬರಿಗೂ ಬಸ್ಸಿಗೆ ದುಡ್ಡು ಹೋಗಲಿಲ್ಲ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರೋ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಅದರ ಫಾರ್ಮ್ ಬರೆಸಿಕೊಳ್ಳಬೇಕು.

ಹನ್ನೊಂದನೇ ದಿನ ಮಷಿನ್ ಕೆಟ್ಟಿತ್ತು. ಬೆಳಿಗ್ಗೆ ಆರರ ಬಸ್ಸು ಹತ್ತಿ ಬಂದು, ಸಂಜೆವರೆಗೂ ಬೆಂಚಿನ ಮೇಲೆ ಕೂತು, ‘ನಾಳೆ ಬರ್ರಿ’ ಅನ್ನಿಸಿಕೊಂಡು ಹೋದೆವು. ಒಂದು ಫೋನ್ ಮಾಡಿದ್ದರೆ ಆಗ್ತಿತ್ತು. ಈಗ ನಾನು ಹೊರಡೋ ಮುಂಚೆ ಟೆಕ್ನಿಷಿಯನ್ನಿಗೆ ಫೋನ್ ಮಾಡಿ ಅಂತ ಎಲ್ಲರಿಗೂ ಹೇಳ್ತೀನಿ. ಒಂದು ದಿನ ತಪ್ಪಿದರೆ ಕೊನೆಯಲ್ಲಿ ಸೇರಿಸಿ ಕೊಡ್ತಾರೆ, ಪರವಾಗಿಲ್ಲ. ಆದರೆ ನಾವೇ ಜಾತ್ರೆ, ಮದುವೆ, ಸುಗ್ಗಿ ಅಂತ ವಾರಗಟ್ಟಲೆ ಬಿಟ್ಟರೆ ಉಳಿದ ಕೋಶಗಳಿಗೆ ಚೇತರಿಸಿಕೊಳ್ಳೋಕೆ ಸಮಯ ಕೊಟ್ಟ ಹಾಗೆ. ಆಗ ಕೊಟ್ಟಿದ್ದರ ಗುಣ ಕಡಿಮೆಯಾಗುತ್ತೆ.

ಶುರು ಮಾಡೋದೂ ತಡ ಆಗಬಾರದು. ಕಿಮೋ ಇಲ್ಲದಿದ್ದರೆ ಗಾಯ ಮಾಗಿದ ಮೇಲೆ, ಆಪರೇಷನ್ ಆಗಿ ಸಾಮಾನ್ಯವಾಗಿ ಒಂದೆರಡು ತಿಂಗಳೊಳಗೆ. ಕಿಮೋ ಇದ್ದರೆ ಅದು ಮೊದಲು, ವಿಕಿರಣ ಆಮೇಲೆ. ಮುಗಿದ ಮೇಲೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ. ಚಿಗವ್ವನ ಮೊದಲನೆಯದು ಕಳೆದ ತಿಂಗಳು ಆಯಿತು, ಏನೂ ಇಲ್ಲ. ಖಣದ ಕುಬಸ ಮತ್ತೆ ತೊಡ್ತಿದ್ದಾಳೆ, ಎಡ ತೋಳು ಮಾತ್ರ ಸ್ವಲ್ಪ ಬಿಗಿ ಅಂತ ಹೊಲಿಗೆ ಬಿಚ್ಚಿಸಿ ಅರ್ಧ ಇಂಚು ಬಿಡಿಸಿಕೊಂಡಿದ್ದಾಳೆ.